ನಾಯಿಯನ್ನು ಅಡ್ಡಾಡಿಸಲು ಸಂಬಳ ಕೊಟ್ಟು ಒಬ್ಬರನ್ನು ಗೊತ್ತು ಮಾಡುವುದು ಬಳ್ಳಾರಿಗೆ ಹೊಂದುತ್ತದೆಯೇ?

ಕಪ್ಪಗಲ್ ರಸ್ತೆಯವರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ವರ್ಷದ ಗಂಡು ಲ್ಯಾಬ್ರಡಾರ್ ಇದೆ. ನಾನು ತೋರಣಗಲ್ಲಿನಲ್ಲಿ ಪಾಳಿಯ ಮೇಲೆ ಕೆಲಸ ಮಾಡುವವನು. ಒಂದು ವಾರ ಬೆಳಗಿನ ಪಾಳಿಯಾದರೆ ಇನ್ನೊಂದು ವಾರ ರಾತ್ರಿ ಪಾಳಿ. ಮನೆಯವರು ಮಕ್ಕಳ ಡಬ್ಬಿ ಕಟ್ಟಿ ಬ್ಯಾಂಕಿಗೆ ಹೊರಡುವಷ್ಟರಲ್ಲಿ ಬಿಸಿಲು ಏರಿರುತ್ತದೆ. ತಂದೆಯವರಿಗೆ ನಾಯಿಯೆಂದರೆ ಪ್ರಾಣ, ಆದರೆ ಮೊಣಕಾಲು ನೋವಿರುವುದರಿಂದ ಅದು ಒಮ್ಮೆ ಜಗ್ಗಿದರೆ ತಡೆದು ನಿಲ್ಲುವ ಶಕ್ತಿ ಅವರಿಗಿಲ್ಲ. ನಮ್ಮ ಬಡಾವಣೆಯ ಕೆಲವು ಮನೆಯವರು ತಿಂಗಳ ಸಂಬಳಕ್ಕೆ ಒಬ್ಬ ಹುಡುಗನನ್ನು ಗೊತ್ತು ಮಾಡಿ, ಬೆಳಗ್ಗೆ ಮತ್ತು ಸಂಜೆ ನಾಯಿಗಳನ್ನು ಕಳುಹಿಸುತ್ತಿದ್ದಾರೆ. ಇದರಿಂದ ನಾಯಿಗೆ ನಿಜವಾಗಿ ಉಪಯೋಗವಿದೆಯೇ, ಅಥವಾ ಮನೆಯವರ ಮನಸ್ಸಿನ ಸಮಾಧಾನಕ್ಕೆ ಮಾತ್ರವೇ? ಗೊತ್ತು ಮಾಡುವ ಮೊದಲು ಏನೇನು ವಿಚಾರಿಸಿಕೊಳ್ಳಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ಸತ್ಯನಾರಾಯಣಪೇಟೆಯ ಹಿರಿಯರು

ನಿಷ್ಠುರವಾಗಿ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ದಿನಕ್ಕೆ ಅರ್ಧ ಗಂಟೆ ಕೊಡಲಾಗದವರು ಮೂವತ್ತು ಕಿಲೋ ತೂಗುವ ನಾಯಿಯನ್ನು ತಂದು ಕಟ್ಟುವುದೇ ಸರಿಯಲ್ಲ. ನಮ್ಮ ಕಾಲದಲ್ಲಿ ನಾಯಿ ಅಂಗಳದಲ್ಲಿ ಇರುತ್ತಿತ್ತು, ಹೊಲಕ್ಕೆ ಎತ್ತಿನ ಬಂಡಿಯ ಹಿಂದೆ ಬರುತ್ತಿತ್ತು, ಅದರ ವ್ಯಾಯಾಮಕ್ಕೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ಈಗ ಮೂರನೆಯ ಮಹಡಿಯಲ್ಲಿ ನಾಯಿ ಸಾಕಿ, ಅದನ್ನು ಕೆಳಗಿಳಿಸಲೂ ಇನ್ನೊಬ್ಬರಿಗೆ ದುಡ್ಡು ಕೊಡುತ್ತೇವೆ. ಅನ್ನ ಹಾಕುವ ಕೈ ಒಂದು, ತಿರುಗಾಡಿಸುವ ಕೈ ಇನ್ನೊಂದು ಎಂದಾದರೆ ಆ ನಾಯಿ ಯಾರದು?

ಗಾಂಧಿನಗರದ ಉಪನ್ಯಾಸಕಿ

ಹಿರಿಯರ ಮಾತಿನಲ್ಲಿ ನ್ಯಾಯವಿದೆ. ಆದರೆ ನಾಯಿ ಈಗಾಗಲೇ ಮನೆಯಲ್ಲಿದೆ. ಅದನ್ನು ತಂದದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸುವವರೆಗೆ ಅದು ಬಾಲ್ಕನಿಯಲ್ಲಿ ಕಾಯುತ್ತಾ ಕೂರಲು ಸಾಧ್ಯವಿಲ್ಲ. ಈ ಕಸುಬು ಹೊಸದೇನೂ ಅಲ್ಲ. ನ್ಯೂಯಾರ್ಕ್ ನಗರದಲ್ಲಿ ಜಿಮ್ ಬಕ್ ಎಂಬವರು 1960ರ ದಶಕದಲ್ಲೇ ಇದನ್ನು ವೃತ್ತಿಯಾಗಿ ನಡೆಸಿ, ಕೈಕೆಳಗೆ ಜನರನ್ನು ಇಟ್ಟುಕೊಂಡು ಹೆಸರು ಮಾಡಿದ್ದರು. ಅಲ್ಲಿಯ ರೂಢಿಯನ್ನು ನಾವು ಇದ್ದ ಹಾಗೆಯೇ ಎತ್ತಿಕೊಂಡು ಬರಲಾಗುವುದಿಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳಬೇಕು. ಅಲ್ಲಿ ಮನೆಯವರು ಕಚೇರಿಗೆ ಹೋಗಿರುವಾಗ, ನಡು ಮಧ್ಯಾಹ್ನ ಬಂದು ನಾಯಿಯನ್ನು ಹೊರಗೆ ಕರೆದೊಯ್ಯುವುದೇ ಈ ಕಸುಬಿನ ಮುಖ್ಯ ಭಾಗ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ ನಲವತ್ತು ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ನಾಯಿಯನ್ನು ಡಾಂಬರು ರಸ್ತೆಗೆ ಇಳಿಸುವುದೆಂದರೆ ಅದನ್ನು ಕೊಲ್ಲಲು ಕರೆದೊಯ್ದಂತೆ. ಆದ್ದರಿಂದ ಯಾರನ್ನೇ ಗೊತ್ತು ಮಾಡಿ, ಮೊದಲು ಕೇಳಬೇಕಾದದ್ದು ಸಂಬಳವನ್ನಲ್ಲ, ಹೊತ್ತನ್ನು.

ಪಶುವೈದ್ಯ, ಬಳ್ಳಾರಿ

ಉಪನ್ಯಾಸಕಿಯವರು ಹೊತ್ತಿನ ಮಾತು ಎತ್ತಿದ್ದು ಒಳ್ಳೆಯದಾಯಿತು. ಅದರ ಹಿಂದಿನ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮನುಷ್ಯರಂತೆ ನಾಯಿಗೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಅಡಿಯಲ್ಲಿ ಸ್ವಲ್ಪ ಬೆವರುತ್ತದೆಯಾದರೂ, ಮೈಯ ಕಾವನ್ನು ಅದು ಹೊರಹಾಕುವುದು ಮುಖ್ಯವಾಗಿ ನಾಲಿಗೆ ಚಾಚಿ ಏದುವುದರಿಂದಲೇ. ಅದರ ಸಹಜ ಮೈ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 105 ದಾಟಿತೆಂದರೆ ಅಪಾಯ ಹತ್ತಿರವಾಯಿತು ಎಂದೇ ತಿಳಿಯಬೇಕು. ಸುತ್ತಲಿನ ಗಾಳಿಯೇ ಕಾದಿರುವಾಗ ಎಷ್ಟು ಏದಿದರೂ ಮೈ ಆರುವುದಿಲ್ಲ. ಪಗ್‌ನಂತಹ ಚಪ್ಪಟೆ ಮೂತಿಯ ತಳಿಗಳಿಗೆ ಉಸಿರಿನ ದಾರಿಯೇ ಇಕ್ಕಟ್ಟಾಗಿರುವುದರಿಂದ, ನಮ್ಮ ಊರಿನಲ್ಲಿ ಅವುಗಳ ಪಾಡು ಇನ್ನೂ ಕಷ್ಟ. ರಸ್ತೆಯ ಮೇಲೆ ಅಂಗೈಯ ಹಿಂಭಾಗವನ್ನು ಏಳು ಸೆಕೆಂಡು ಊರಿ ನೋಡಿ. ನಿಮ್ಮ ಕೈ ತಾಳದಿದ್ದರೆ ನಾಯಿಯ ಪಾದವೂ ತಾಳುವುದಿಲ್ಲ. ಬೇಸಿಗೆಯಲ್ಲಿ ಬೆಳಗ್ಗೆ ಐದರಿಂದ ಆರೂವರೆಯವರೆಗೆ, ರಾತ್ರಿ ಎಂಟರ ನಂತರ, ಇವೆರಡೇ ಯೋಗ್ಯ ಹೊತ್ತು. ಸೂರ್ಯ ಮುಳುಗಿದ ತಕ್ಷಣ ಹೊರಡುವುದು ಬೇಡ, ಸಿಮೆಂಟ್ ರಸ್ತೆ ಆಗಲೂ ಕಾವು ಬಿಡುತ್ತಲೇ ಇರುತ್ತದೆ.

ನಾಯಿ ನಡೆಯುತ್ತಾ ತೂರಾಡಿದರೆ, ಒಸಡು ಕಡುಗೆಂಪಾಗಿ ಜೊಲ್ಲು ಗಟ್ಟಿಯಾದರೆ, ವಾಂತಿ ಮಾಡಿಕೊಂಡರೆ, ಕೂಡಲೇ ನೆರಳಿಗೆ ಎಳೆದು ಮೈಮೇಲೆ ನಲ್ಲಿ ನೀರು ಸುರಿಯುತ್ತಾ ಗಾಳಿ ಬೀಸಿ, ಆಮೇಲೆ ಆಸ್ಪತ್ರೆಗೆ ತನ್ನಿ. ಒದ್ದೆ ಟವೆಲನ್ನು ಮೈಮೇಲೆ ಹೊದಿಸಿ ಹಾಗೆಯೇ ಬಿಡಬೇಡಿ, ಅದು ಕಾವನ್ನು ಒಳಗೇ ಹಿಡಿದಿಡುತ್ತದೆ. ಇದು ನೀವು ಗೊತ್ತು ಮಾಡುವ ಹುಡುಗನಿಗೆ ಗೊತ್ತಿದೆಯೇ ಎಂಬುದೇ ನಿಮ್ಮ ಮೊದಲ ಪರೀಕ್ಷೆಯಾಗಲಿ.

ಇನ್ನು ಉಪಯೋಗದ ವಿಚಾರ. ಉಪಯೋಗ ಖಂಡಿತ ಇದೆ. ಆದರೆ ಜನ ಅಂದುಕೊಂಡಿರುವ ಜಾಗದಲ್ಲಿ ಅಲ್ಲ. ನಡೆದಾಡಿಸಿದರೆ ತೂಕ ಇಳಿಯುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಲ್ಯಾಬ್ರಡಾರ್ ವಿಷಯದಲ್ಲಿ ತೂಕವನ್ನು ನಿರ್ಧರಿಸುವುದು ಕಾಲಿಗಿಂತ ತಟ್ಟೆ. ಈ ತಳಿಯ ಸುಮಾರು ನಾಲ್ಕರಲ್ಲಿ ಒಂದು ನಾಯಿಯಲ್ಲಿ ಹಸಿವನ್ನು ಹೆಚ್ಚಿಸುವ ವಂಶವಾಹಿ ಬದಲಾವಣೆ ಇದೆ ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ್ದಾರೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲು ಭಾಗ ಕಡಿಮೆ ಊಟ ಕೊಟ್ಟ ನಾಯಿಗಳು ಉಳಿದವುಗಳಿಗಿಂತ ಹೆಚ್ಚುಕಡಿಮೆ ಎರಡು ವರ್ಷ ಹೆಚ್ಚು ಬಾಳಿದವು. ಆದ್ದರಿಂದ ದಿನಾ ತಿರುಗಾಡಿಸಿ, ಬಂದ ಮೇಲೆ ಬಿಸ್ಕತ್ತು, ಅಳತೆಯಿಲ್ಲದೆ ಮೊಸರನ್ನ ಹಾಕಿದರೆ ಸಂಬಳ ದಂಡವಾದಂತೆ.

ನಡಿಗೆಯ ನಿಜವಾದ ಲಾಭ ಕೀಲುಗಳಿಗೆ, ಕರುಳಿನ ಚಲನೆಗೆ, ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸಿಗೆ. ನಾಯಿ ಲೋಕವನ್ನು ತಿಳಿಯುವುದು ಮೂಗಿನಿಂದ. ಒಂದು ಲೈಟಿನ ಕಂಬದ ಬುಡದಲ್ಲಿ ನಿಂತು ಅದು ಎರಡು ನಿಮಿಷ ಮೂಸಿದರೆ, ಅಲ್ಲಿ ಯಾವ ನಾಯಿ ಬಂದಿತ್ತು, ಗಂಡೋ ಹೆಣ್ಣೋ, ಬೆದೆಯಲ್ಲಿತ್ತೇ ಎಂಬುದನ್ನೆಲ್ಲ ಅರಿಯುತ್ತದೆ. ಮೂಸಲು ಬಿಡದೆ ದರದರನೆ ಎಳೆದುಕೊಂಡು ಮೂರು ಕಿಲೋಮೀಟರ್ ಮುಗಿಸುವ ನಡಿಗೆಗಿಂತ, ನಿಂತು ಮೂಸಲು ಬಿಟ್ಟ ಒಂದು ಕಿಲೋಮೀಟರ್ ಮೇಲು ಎಂಬುದು ನನ್ನ ಅಭಿಪ್ರಾಯ. ಮನೆಯಲ್ಲಿ ಚಪ್ಪಲಿ ಕಚ್ಚುವುದು, ಗೇಟಿನ ಸದ್ದಿಗೆಲ್ಲ ಬೊಗಳುವುದು, ತನ್ನ ಪಾದವನ್ನೇ ನೆಕ್ಕಿ ಗಾಯ ಮಾಡಿಕೊಳ್ಳುವುದು, ಇಂತಹ ದೂರು ಹೊತ್ತು ನನ್ನಲ್ಲಿಗೆ ಬರುವವರಿಗೆ ನಾನು ಮೊದಲು ಕೇಳುವುದು, ನಾಯಿ ದಿನಕ್ಕೆ ಎಷ್ಟು ಹೊತ್ತು ಮನೆಯ ಹೊರಗೆ ಇರುತ್ತದೆ ಎಂದೇ.

ಕೌಲ್ ಬಜಾರಿನ ಹುಡುಗ

ಡಾಕ್ಟರ್ ಸಾಹೇಬರು ಹೇಳಿದ ಎರಡು ಹೊತ್ತಿನ ಲೆಕ್ಕವೇ ನಮ್ಮ ಕಸುಬಿನ ಇಡೀ ಕಷ್ಟ. ನಾನು ಹಗಲು ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡಿ, ಬೆಳಗ್ಗೆ ಮತ್ತು ರಾತ್ರಿ ನಾಯಿಗಳನ್ನು ಅಡ್ಡಾಡಿಸುತ್ತೇನೆ. ಆದ್ದರಿಂದ ಇನ್ನೊಂದು ಕಡೆಯ ಮಾತನ್ನೂ ಕೇಳಿಸಿಕೊಳ್ಳಿ ಎಂದು ವಿನಂತಿ.

ಬೇಸಿಗೆಯಲ್ಲಿ ಬೆಳಗ್ಗೆ ನಮಗೆ ಸಿಗುವುದು ಒಂದೂವರೆ ಗಂಟೆ. ಒಂದು ನಾಯಿಗೆ ಅರ್ಧ ಗಂಟೆ ಕೊಟ್ಟು, ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ಸಮಯವನ್ನೂ ಸೇರಿಸಿದರೆ, ಎರಡು ನಾಯಿಗಳನ್ನು ನೆಮ್ಮದಿಯಾಗಿ ಮುಗಿಸಬಹುದು. ಮೂರನೆಯದಕ್ಕೆ ಓಡಬೇಕಾಗುತ್ತದೆ. ಎರಡು ನಾಯಿಯ ಸಂಬಳದಲ್ಲಿ ಯಾರ ಮನೆಯೂ ನಡೆಯುವುದಿಲ್ಲ. ಆಗ ಏನಾಗುತ್ತದೆ ಎಂದರೆ, ನಾಲ್ಕೈದು ನಾಯಿಗಳನ್ನು ಒಟ್ಟಿಗೆ ಹಿಡಿದು ಹೊರಡುವುದು ಶುರುವಾಗುತ್ತದೆ. ಮಾಲೀಕರು ಕಡಿಮೆ ದುಡ್ಡಿನಲ್ಲಿ ಆಯಿತೆಂದು ಸುಮ್ಮನಿರುತ್ತಾರೆ. ಎದುರಿಗೆ ಬೀದಿ ನಾಯಿಗಳ ಗುಂಪು ಬಂದಾಗ ಐದು ಹಗ್ಗ ಹಿಡಿದ ಒಬ್ಬನ ಗತಿ ಏನಾಗುತ್ತದೆ ಎಂಬುದನ್ನು ಅವರು ಯೋಚಿಸಿರುವುದಿಲ್ಲ. ನಾನು ಒಂದು ಸಲಕ್ಕೆ ಒಂದೇ ನಾಯಿ. ಒಂದೇ ಮನೆಯ ಎರಡು ನಾಯಿಗಳಾದರೆ ಮಾತ್ರ ಜೊತೆಯಾಗಿ. ಅದಕ್ಕೆ ತಕ್ಕ ಸಂಬಳ ಕೇಳುತ್ತೇನೆ. ಕೆಲವರಿಗೆ ಅದು ಹೆಚ್ಚೆನಿಸುತ್ತದೆ.

ನಮ್ಮ ಊರಿನ ರಸ್ತೆಯ ಬಗ್ಗೆಯೂ ಒಂದು ಮಾತು. ಖಾಲಿ ಸೈಟುಗಳಲ್ಲೆಲ್ಲ ಬಳ್ಳಾರಿ ಜಾಲಿ ಬೆಳೆದಿದೆ. ಅದರ ಮುಳ್ಳು ಪಾದದೊಳಗೆ ಮುರಿದುಕೊಂಡರೆ ಹೊರಗಿನಿಂದ ಕಾಣುವುದಿಲ್ಲ, ಕೆಲವು ದಿನ ಕಳೆದ ಮೇಲೆ ಕೀವು ಕಟ್ಟುತ್ತದೆ. ಮಳೆ ಬಿದ್ದ ಮೇಲೆ ನೆಗ್ಗಿಲು ಮುಳ್ಳು ಬೇರೆ. ಆದ್ದರಿಂದ ಮನೆಗೆ ಮರಳಿದ ಕೂಡಲೇ ನಾಲ್ಕೂ ಪಾದಗಳನ್ನು ಎತ್ತಿ, ಬೆರಳಿನ ಸಂದುಗಳನ್ನು ಬಿಡಿಸಿ ನೋಡುವವನೇ ಈ ಕೆಲಸಕ್ಕೆ ಯೋಗ್ಯ. ಕಿವಿಯ ಒಳಮಡಿಕೆಯಲ್ಲಿ ರಕ್ತ ಹೀರುವ ಉಣ್ಣಿ ಹತ್ತಿದೆಯೇ ಎಂದೂ ನೋಡಬೇಕು. ಗೇಟಿನ ಹೊರಗೆ ನಾಯಿಯನ್ನು ಒಪ್ಪಿಸಿ ಬೈಕ್ ಹತ್ತುವವರಿಗೆ ಯಾರೂ ಸಂಬಳ ಕೊಡಬಾರದು.

ಪಾರ್ವತಿನಗರದವರು

ಒಂದು ಸಲಕ್ಕೆ ಒಂದೇ ನಾಯಿ ಎಂಬ ನಿಯಮ ಕೇಳಲು ಚೆನ್ನ, ಆದರೆ ಎಲ್ಲ ನಾಯಿಗಳಿಗೂ ಅದೇ ಒಳ್ಳೆಯದು ಎಂಬುದನ್ನು ನಾನು ಒಪ್ಪುವುದಿಲ್ಲ. ನಮ್ಮ ಹೆಣ್ಣು ಸ್ಪಿಟ್ಜ್ ಒಂಟಿಯಾಗಿ ರಸ್ತೆಗೆ ಬಂದರೆ ನಡುಗುತ್ತದೆ. ಪಕ್ಕದ ಮನೆಯ ನಾಯಿ ಜೊತೆಗಿದ್ದರೆ ಧೈರ್ಯವಾಗಿ ನಡೆಯುತ್ತದೆ. ಪರಿಚಯವಿರುವ, ಹೆಚ್ಚುಕಡಿಮೆ ಒಂದೇ ಗಾತ್ರದ ಎರಡು ನಾಯಿಗಳನ್ನು ಒಟ್ಟಿಗೆ ಕರೆದೊಯ್ದರೆ ಸಂಬಳವನ್ನೂ ಎರಡು ಮನೆಯವರು ಹಂಚಿಕೊಳ್ಳಬಹುದು. ನಾವು ಹಾಗೆಯೇ ಮಾಡಿಕೊಂಡಿದ್ದೇವೆ. ಎರಡಕ್ಕಿಂತ ಹೆಚ್ಚು ಬೇಡ ಎಂಬುದಕ್ಕೆ ಮಾತ್ರ ನನ್ನ ಪೂರ್ಣ ಸಮ್ಮತಿಯಿದೆ.

ಕೌಲ್ ಬಜಾರಿನ ಹುಡುಗ

ಅಕ್ಕ, ಮೊದಲೇ ಪರಿಚಯವಿದ್ದ ನಾಯಿಗಳಾದರೆ ನಿಮ್ಮ ಮಾತು ಸರಿ. ಬೆದೆಗೆ ಬಂದ ಹೆಣ್ಣು ನಾಯಿಯಿದ್ದರೆ ಆ ವಾರಗಳಲ್ಲಿ ಜೊತೆ ಬಿಡಿಸಿ. ಆಗ ಒಂದನ್ನು ಕರೆದೊಯ್ದರೂ ಹಿಂದೆ ಊರಿನ ಗಂಡು ನಾಯಿಗಳೆಲ್ಲ ಮೆರವಣಿಗೆ ಹೊರಡುತ್ತವೆ.

ವಕೀಲರು, ಸಿರುಗುಪ್ಪ

ಹಿರಿಯರ ಪ್ರಶ್ನೆಗೆ ಕಾನೂನಿನಲ್ಲಿಯೂ ಒಂದು ಉತ್ತರವಿದೆ. 1960ರ ಪ್ರಾಣಿಗಳಿಗೆ ಕ್ರೌರ್ಯ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ, ಸದಾ ಸರಪಳಿಯಲ್ಲಿ ಕಟ್ಟಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಟ್ಟ ನಾಯಿಗೆ ಸಾಕಷ್ಟು ವ್ಯಾಯಾಮ ಮಾಡಿಸದಿರುವುದೂ, ಇನ್ನೊಬ್ಬರಿಂದ ಮಾಡಿಸದಿರುವುದೂ ಮಾಲೀಕನ ಅಪರಾಧ. ಅಂದರೆ ಇನ್ನೊಬ್ಬರಿಂದ ಮಾಡಿಸಬಹುದೆಂದು ಕಾಯ್ದೆಯೇ ಒಪ್ಪಿಕೊಂಡಿದೆ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ ಮಾತ್ರ; ಈ ಮೊತ್ತ ಇಂದಿಗೆ ನಗೆ ತರಿಸುತ್ತದೆ ಎಂಬುದು ಬೇರೆ ಮಾತು. ಇನ್ನೊಂದು ವಿಷಯವನ್ನು ಮರೆಯಬೇಡಿ. ನಾಯಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳುವ ಹೊಣೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಅದು ಯಾರ ವಶದಲ್ಲಿದೆಯೋ ಅವರ ಮೇಲಿದೆ. ಹಗ್ಗ ಹಿಡಿದ ಹುಡುಗನೂ ಆ ವ್ಯಾಪ್ತಿಗೆ ಬರುತ್ತಾನೆ. ಕಚ್ಚುವ ಸ್ವಭಾವವಿದ್ದರೆ ಅದನ್ನು ಮುಚ್ಚಿಟ್ಟು ಅವನ ಕೈಗೆ ಹಗ್ಗ ಕೊಡುವುದು ಮೋಸ.

ಕುಷ್ಟಗಿ ಕಡೆಯವರು

ನಮ್ಮಲ್ಲಿ ಮುಧೋಳ ನಾಯಿ ಇದೆ. ಮೇಲಿನವರು ಹೇಳಿದ್ದೆಲ್ಲ ಲ್ಯಾಬ್ರಡಾರ್, ಸ್ಪಿಟ್ಜ್‌ಗಳಿಗೆ ಸರಿ. ಬೇಟೆಗೆಂದೇ ಬೆಳೆಸಿದ ತಳಿಗೆ ಹಗ್ಗ ಹಿಡಿದು ಅರ್ಧ ಗಂಟೆ ನಡೆಸಿದರೆ ಸಾಲದು. ಅದಕ್ಕೆ ಓಟ ಬೇಕು. ಹಾಗೆಂದು ಊರೊಳಗೆ ಬಿಡುವ ಹಾಗೂ ಇಲ್ಲ. ಮೊಲವೋ ಬೆಕ್ಕೋ ಕಣ್ಣಿಗೆ ಬಿದ್ದರೆ ಮಾಲೀಕನ ಕೂಗು ಅದರ ಕಿವಿಗೆ ಬೀಳುವುದೇ ಇಲ್ಲ. ನಾವು ಸುತ್ತ ಬೇಲಿಯಿರುವ ನಮ್ಮ ದಾಳಿಂಬೆ ತೋಟದಲ್ಲಿ ಬೆಳಗಿನ ಜಾವ ಬಿಡುತ್ತೇವೆ. ತೋಟವಿಲ್ಲದವರು, ದಯವಿಟ್ಟು, ಗತ್ತಿಗಾಗಿ ಈ ನಾಯಿಯನ್ನು ತರಬೇಡಿ. ಸಂಬಳದ ಹುಡುಗನಿಂದ ಆ ಕೊರತೆ ತುಂಬುವುದಿಲ್ಲ. ಇದರ ತಲೆ ಕುತ್ತಿಗೆಗಿಂತ ಸಣ್ಣದಾದ್ದರಿಂದ ಸಾಮಾನ್ಯ ಬೆಲ್ಟಿನಿಂದ ಸಲೀಸಾಗಿ ನುಣುಚಿಕೊಳ್ಳುತ್ತದೆ ಎಂಬುದನ್ನೂ ಹೊಸಬರು ತಿಳಿದಿರಲಿ. ಅಗಲವಾದ ಬೆಲ್ಟೇ ಬೇಕು.

ಸತ್ಯನಾರಾಯಣಪೇಟೆಯ ಹಿರಿಯರು

ವಕೀಲರು ಹೇಳಿದ ಕಲಮು ನನಗೆ ತಿಳಿದಿರಲಿಲ್ಲ. ಆದರೂ ನನ್ನ ಮೂಲ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ದಿನಾ ಹೊರಗೆ ಕರೆದೊಯ್ಯುವವನ ಹಿಂದೆಯೇ ನಾಯಿಯ ಮನಸ್ಸು ಹೋಗುವುದಿಲ್ಲವೇ? ನಮ್ಮ ಬೀದಿಯಲ್ಲಿ ಒಂದು ಮನೆಯ ನಾಯಿ ಯಜಮಾನ ಬಂದರೆ ತಲೆ ಎತ್ತುವುದಿಲ್ಲ, ಆ ಹುಡುಗನ ಸೈಕಲ್ಲಿನ ಸದ್ದು ಕೇಳಿದರೆ ಗೇಟು ಹಾರಲು ನೋಡುತ್ತದೆ.

ಪಶುವೈದ್ಯ, ಬಳ್ಳಾರಿ

ಹೋಗುತ್ತದೆ ಯಜಮಾನರೇ, ಸ್ವಲ್ಪ ಹೋಗುತ್ತದೆ. ಅದರಲ್ಲಿ ತಪ್ಪೇನಿಲ್ಲ, ಒಬ್ಬರಿಗಿಂತ ಹೆಚ್ಚು ಜನರನ್ನು ನಂಬುವ ನಾಯಿ, ಮನೆಯವರು ಊರಿಗೆ ಹೋದಾಗ ಊಟ ಬಿಟ್ಟು ಕೂರುವುದಿಲ್ಲ. ಆದರೆ ಮನೆಯವರು ನಾಯಿಯ ಜೊತೆಗಿನ ಎಲ್ಲ ಸುಖವನ್ನೂ ಸಂಬಳದವರಿಗೇ ಬಿಟ್ಟುಕೊಟ್ಟು, ತಮ್ಮ ಪಾಲಿಗೆ ಬೈಗುಳವನ್ನೂ ಇಂಜೆಕ್ಷನ್ನನ್ನೂ ಮಾತ್ರ ಉಳಿಸಿಕೊಂಡರೆ, ನೀವು ಹೇಳಿದ ಹಾಗೆಯೇ ಆಗುತ್ತದೆ. ರಜೆಯ ದಿನವಾದರೂ ಮನೆಯವರೇ ಕರೆದೊಯ್ಯಲಿ. ಅದರಿಂದ ಅವರಿಗೂ ಲಾಭ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂತಹ ಮಧ್ಯಮ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿದೆ; ಸಕ್ಕರೆ ಕಾಯಿಲೆಯವರಿಗೆ ನಾವು ಎಷ್ಟು ಹೇಳಿದರೂ ಕದಲದ ಕಾಲುಗಳನ್ನು ನಾಯಿ ಕದಲಿಸಿಬಿಡುತ್ತದೆ. ಪ್ರಶ್ನೆ ಕೇಳಿದವರ ತಂದೆಯವರ ಮಟ್ಟಿಗೆ ನನ್ನ ಸಲಹೆ ಬೇರೆ. ಹುಡುಗ ನಾಯಿಯನ್ನು ಅಡ್ಡಾಡಿಸಿ, ಅದರ ಹುರುಪು ಇಳಿದ ಮೇಲೆ, ಕೊನೆಯ ಹತ್ತು ನಿಮಿಷ ತಂದೆಯವರೂ ಹುಡುಗನ ಪಕ್ಕದಲ್ಲಿ ನಡೆಯಲಿ, ಹಗ್ಗ ಮಾತ್ರ ಹುಡುಗನ ಕೈಯಲ್ಲೇ ಇರಲಿ. ವಯಸ್ಸಾದವರು ನಾಯಿ ಜಗ್ಗಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮತ್ತೆ ಎದ್ದು ಓಡಾಡುವುದು ಬಹಳ ಕಷ್ಟ.

ರಾಯಚೂರಿನಿಂದ ಒಬ್ಬರು

ಮರಿಗಳ ವಿಷಯ ಯಾರೂ ಹೇಳಲಿಲ್ಲ. ಸುಮಾರು ನಾಲ್ಕು ತಿಂಗಳಾಗಿ ಲಸಿಕೆಗಳೆಲ್ಲ ಮುಗಿಯುವವರೆಗೆ ಮರಿಯನ್ನು ಬೀದಿಯ ನೆಲಕ್ಕೆ ಇಳಿಸಬೇಡಿ, ಮರಿಗಳಿಗೆ ವಾಂತಿಭೇದಿ ತರಿಸುವ ಪಾರ್ವೋ ರೋಗ ಅಲ್ಲಿಂದ ಹತ್ತಬಹುದು. ಎತ್ತಿಕೊಂಡು ಜನರನ್ನು, ವಾಹನಗಳನ್ನು ತೋರಿಸಿ ಅಭ್ಯಾಸ ಮಾಡಿಸಲು ಅಡ್ಡಿಯಿಲ್ಲ.

ಕಪ್ಪಗಲ್ ರಸ್ತೆಯವರು

ಎಲ್ಲರಿಗೂ ಧನ್ಯವಾದ. ನಾವು ಒಬ್ಬರನ್ನು ಗೊತ್ತು ಮಾಡುವುದೆಂದೇ ಮನೆಯಲ್ಲಿ ಮಾತಾಯಿತು. ಉಳಿದಿರುವುದು ಮೂರು ಸಂಶಯ. ನಾವಿಬ್ಬರೂ ಇಲ್ಲದಾಗ ಮನೆಯ ಕೀಲಿಯನ್ನು ಕೊಡುವುದು ಹೇಗೆ? ಹಬ್ಬಹರಿದಿನಗಳಲ್ಲಿ ಹುಡುಗ ಬಾರದಿದ್ದರೆ ಸಂಬಳ ಹಿಡಿಯಬೇಕೇ? ಬೀದಿ ನಾಯಿ ಕಚ್ಚಿದರೆ ಖರ್ಚು ಯಾರದು?

ಗಾಂಧಿನಗರದ ಉಪನ್ಯಾಸಕಿ

ಕೀಲಿಯನ್ನು ಮೊದಲ ಕೆಲವು ತಿಂಗಳು ಕೊಡಬೇಡಿ. ತಂದೆಯವರು ಮನೆಯಲ್ಲಿರುವುದರಿಂದ ನಿಮಗೆ ಆ ತೊಂದರೆಯೂ ಇಲ್ಲ. ಅವರೇ ಬೆಲ್ಟ್ ಹಾಕಿ ಗೇಟಿನವರೆಗೆ ತಂದು ಒಪ್ಪಿಸಲಿ. ನಾನು ಒಬ್ಬಳೇ ಇರುವವಳು. ನನ್ನಲ್ಲಿಗೆ ಬರುವುದು ಹತ್ತಿರದ ಓಣಿಯ ಒಬ್ಬ ಹೆಣ್ಣುಮಗಳು. ನಾಯಿಗಳನ್ನು ಹಿಡಿಯುವುದು ಗಂಡಸರ ಕೆಲಸ ಎಂದು ಮೊದಲು ಅಕ್ಕಪಕ್ಕದವರು ಆಡಿಕೊಂಡರು. ಆಕೆ ಶಾಂತವಾಗಿ ನಡೆಸುವುದನ್ನು ನೋಡಿ ಈಗ ಅವರಲ್ಲಿ ಇಬ್ಬರು ತಮ್ಮ ನಾಯಿಯನ್ನೂ ಆಕೆಗೇ ಒಪ್ಪಿಸಿದ್ದಾರೆ. ರಜೆಗೆ ಸಂಬಳ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಯುಗಾದಿ, ರಂಜಾನ್, ಮೊಹರಂಗೆ ಅವರಿಗೂ ಮನೆಯಿದೆ. ಮೊದಲೇ ತಿಳಿಸಬೇಕು ಎಂಬುದಷ್ಟೇ ಷರತ್ತು.

ಕೌಲ್ ಬಜಾರಿನ ಹುಡುಗ

ಕಚ್ಚಿದ ಖರ್ಚಿನ ಬಗ್ಗೆ ನಾನು ಮೊದಲ ದಿನವೇ ಮಾತಾಡಿಕೊಳ್ಳುತ್ತೇನೆ. ನಾಯಿಗೆ ಬೀದಿ ನಾಯಿ ಕಚ್ಚಿದರೆ ಚಿಕಿತ್ಸೆ ಮಾಲೀಕರದು. ನಾನು ಹಗ್ಗ ಬಿಟ್ಟು ಮೊಬೈಲ್ ನೋಡುತ್ತಿದ್ದೆನೆಂದು ಯಾರಾದರೂ ಕಂಡಿದ್ದರೆ ಅದು ನನ್ನದು. ನನಗೆ ಕಚ್ಚಿದರೆ, ಅದು ಅವರ ನಾಯಿಯಾದರೆ ಅವರು ನನ್ನ ಔಷಧದ ಜೊತೆ ಕೆಲಸಕ್ಕೆ ಹೋಗಲಾಗದ ದಿನದ ಕೂಲಿಯನ್ನೂ ಕೊಡಬೇಕು. ಬೇರೆ ನಾಯಿಯಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಹಾಕಿಸಿಕೊಳ್ಳುತ್ತೇನೆ, ಅಷ್ಟು ದಿನ ಬರಲಾಗದಿದ್ದರೆ ಸಂಬಳ ಮುರಿಯಬಾರದು. ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ ಚೀಟಿಯ ಫೋಟೋ ನನ್ನ ಮೊಬೈಲಿನಲ್ಲಿ ಇರಲೇಬೇಕು. ಅದು ಇಲ್ಲದ ನಾಯಿಯನ್ನು ನಾನು ಮುಟ್ಟುವುದಿಲ್ಲ. ನೀವೂ ಬರುವವನನ್ನು ಮೊದಲ ದಿನ ಕೇಳಿ, ಕಚ್ಚಿದರೆ ಮೊದಲು ಏನು ಮಾಡುತ್ತೀಯಾ ಎಂದು. ಅರಿಶಿಣವೋ ಸುಣ್ಣವೋ ಮೆತ್ತುತ್ತೇನೆ ಎಂದರೆ ಕಳುಹಿಸಿಬಿಡಿ.

ಪಶುವೈದ್ಯ, ಬಳ್ಳಾರಿ

ಸರಿಯಾದ ಉತ್ತರವನ್ನೂ ಬರೆದುಬಿಡುತ್ತೇನೆ. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಬೇಕು, ವೈದ್ಯರು ಬರೆದುಕೊಟ್ಟ ಉಳಿದ ದಿನಾಂಕಗಳಲ್ಲಿ ಒಂದನ್ನೂ ತಪ್ಪಿಸಬಾರದು. ಇನ್ನೊಂದು ಮಾತು, ಲ್ಯಾಬ್ರಡಾರ್‌ನಂತಹ ದೊಡ್ಡ ತಳಿಗಳಿಗೆ ಹೊಟ್ಟೆ ತುಂಬ ಉಣ್ಣಿಸಿದ ಕೂಡಲೇ ಓಡಾಡಿಸಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ಹುಡುಗ ಬೆಳಗ್ಗೆ ಐದಕ್ಕೆ ಬರುವುದಾದರೆ ಊಟ ಅವನು ಹೋದ ಮೇಲೆ, ನಾಯಿ ಏದುವುದು ನಿಂತು ಅರ್ಧ ಗಂಟೆಯಾದರೂ ಕಳೆದ ಮೇಲೆ ಇರಲಿ. ನೀರು ಮಾತ್ರ ಸ್ವಲ್ಪ ಸ್ವಲ್ಪವಾಗಿ ಕೂಡಲೇ ಕೊಡಬಹುದು.